ಜರ್ಮನಿಯಲ್ಲಿ ಕೈಗೆಟುಕೋ ಬಾಡಿಗೆಗೆ ಮನೆ ಹಿಡಿಯೋದು ಹೇಗೆ

ಜರ್ಮನಿಗೆ ಹೊಸದಾಗಿ ಬಂದೋರು ಎಲ್ರೂ ಕೇಳೋದು ಒಂದೇ, ಕಮ್ಮಿ ಬಾಡಿಗೆ ಮನೆ ಯಾವ ವೆಬ್‌ಸೈಟಲ್ಲಿ ಸಿಗುತ್ತೆ ಅಂತ. ವೆಬ್‌ಸೈಟ್ ಬಿಡಿ, ಅಗ್ರಿಮೆಂಟ್ ಯಾವ ಥರದ್ದು ಅಂತ ನೋಡಿ ಮೊದ್ಲು. ಸೋಫಾ, ಮಂಚ, ಪಾತ್ರೆ ಎಲ್ಲಾ ಇಟ್ಟು ಆರು ತಿಂಗಳಿಗೋ ವರ್ಷಕ್ಕೋ ಅಂತ ಕೊಡೋ ಮನೆ ಇಲ್ಲಿ ಹೆಚ್ಚಾಗಿ ದುಬಾರಿನೇ. ಖಾಲಿ ಮನೆ, ಕೊನೆ ತಾರೀಖೇ ಇಲ್ಲದ ಅಗ್ರಿಮೆಂಟು, ಅದೇ ಅಗ್ಗ. ಬೆಂಗ್ಳೂರಲ್ಲಿ 11 ತಿಂಗಳ ಅಗ್ರಿಮೆಂಟು, ರಿನ್ಯೂವಲ್‌ಗೆ ಓನರ್ ಹೇಳಿದಷ್ಟು ಏರಿಕೆ ಅಂತ ಒಗ್ಗಿಹೋಗಿರ್ತೀವಲ್ಲ, ಇಲ್ಲಿ ಹಂಗಿಲ್ಲ. ಮಾಮೂಲಿ ಅಗ್ರಿಮೆಂಟಲ್ಲಿ ಬಾಡಿಗೆ ಏರಿಸೋವಾಗ ಆ ಏರಿಯಾದ ರೇಟ್ ದಾಟೋ ಹಂಗಿಲ್ಲ, ಮೂರು ವರ್ಷದಲ್ಲಿ 20 ಪರ್ಸೆಂಟ್‌ಗಿಂತ ಜಾಸ್ತಿ ಏರಿಸೋ ಹಂಗೂ ಇಲ್ಲ, ಮನೆಗೆ ತುಂಬಾ ಬೇಡಿಕೆ ಇದೆ ಅಂತ ಸರ್ಕಾರ ಗುರುತಿಸಿರೋ ಊರುಗಳಲ್ಲಿ 15 ಪರ್ಸೆಂಟೇ ಮಿತಿ.

ಹಂಗಂತ ಇಂಡಿಯಾದಲ್ಲಿ ಕೂತ್ಕೊಂಡೇ ಅಂಥಾ ಮನೆ ಹಿಡೀತೀನಿ ಅಂತ ಹೊರಡ್ಬೇಡಿ, ಮುಖ ನೋಡ್ದೆ ಮನೆ ಕೊಡೋ ಓನರ್‌ಗಳು ತೀರಾ ಕಮ್ಮಿ, ಕೊಡ್ತೀನಿ ಅನ್ನೋರಲ್ಲಿ ಮೋಸಗಾರರೇ ಜಾಸ್ತಿ. ಮೊದಲ ಎರಡ್ಮೂರು ತಿಂಗಳಿಗೆ ಯಾರಾದ್ರೂ ಊರಿಗೆ ಹೋದಾಗ ಬಿಟ್ಟುಹೋಗೋ ರೂಮೋ, ವೇಗೇ ಅಂತಾರಲ್ಲ ಆ ಶೇರಿಂಗ್ ಮನೇಲಿ ಒಂದು ರೂಮೋ ಹಿಡೀರಿ, ಆಮೇಲೆ ಇಲ್ಲೇ ಇದ್ಕೊಂಡು ಪರ್ಮನೆಂಟ್ ಮನೆ ಹುಡುಕಿ. ಆ ತಾತ್ಕಾಲಿಕ ರೂಮಿಗೂ ಒಂದೇ ಒಂದು ಕಂಡೀಷನ್: ಆನ್‌ಮೆಲ್ಡುಂಗ್ ಆಗ್ಬೇಕು. ಅಂದ್ರೆ ಆ ವಿಳಾಸವನ್ನ ಊರಿನ ಆಫೀಸಲ್ಲಿ ನೋಂದಾಯಿಸೋದು. ಮನೆ ಸೇರಿದ ಎರಡು ವಾರದಲ್ಲಿ ಮಾಡ್ಬೇಕು, ಅದಕ್ಕೆ ಮನೆ ಕೊಟ್ಟೋರು ಸಹಿ ಹಾಕಿದ ಪತ್ರ ಬೇಕೇ ಬೇಕು. ಟ್ಯಾಕ್ಸ್ ನಂಬರ್ ಪೋಸ್ಟಲ್ಲಿ ಬರೋದು ಆ ವಿಳಾಸಕ್ಕೇ, ವೀಸಾ ಕೆಲಸಕ್ಕೂ ಅದೇ ಬೇಕು. ಪತ್ರ ಕೊಡಲ್ಲ ಅಂದ್ರೆ ಎಷ್ಟೇ ಅಗ್ಗ ಇದ್ರೂ ಬೇಡ.

ಇನ್ನು ರೇಟ್ ಓದೋ ವಿಷ್ಯ. ಜಾಹೀರಾತಲ್ಲಿ ದಪ್ಪ ಅಕ್ಷರದಲ್ಲಿ ಕಾಣೋದು ಹೆಚ್ಚಾಗಿ ಕಾಲ್ಟ್‌ಮೀಟೆ, ಬರೀ ಗೋಡೆ ಬಾಡಿಗೆ. ನೀರು, ಕಸ, ಮೆಟ್ಟಿಲು ಕ್ಲೀನಿಂಗು, ಸಾಮಾನ್ಯವಾಗಿ ಹೀಟಿಂಗೂ ಸೇರಿದ್ರೆ ವಾರ್ಮ್‌ಮೀಟೆ, ನೀವು ಹೋಲಿಸ್ಬೇಕಾಗಿರೋದು ಇದನ್ನ. ಕರೆಂಟು, ಇಂಟರ್ನೆಟ್ಟು ಹೆಚ್ಚಾಗಿ ಬೇರೆ. ಟಿವಿ ಇರ್ಲಿ ಬಿಡ್ಲಿ ಒಂದು ಮನೆಗೆ ತಿಂಗಳಿಗೆ 18.36 ಯೂರೋ ರೇಡಿಯೋ ಫೀಸು, ಶೇರಿಂಗ್ ಮನೇಲಿ ಒಬ್ರು ಕಟ್ಟಿದ್ರೆ ಸಾಕು, ಹಂಚ್ಕೋಬಹುದು. ಕರೆಂಟ್ ಹೀಟರ್ ಇರೋ ಹಳೇ ಮನೆ ಬಾಡಿಗೆ ಕಮ್ಮಿ ಅಂತ ಹೋದ್ರೆ ಚಳಿಗಾಲದ ಬಿಲ್ಲಲ್ಲಿ ಉಳಿಸಿದ್ದೆಲ್ಲಾ ಹೋಗುತ್ತೆ. ಎರಡು ಟ್ಸಿಮ್ಮರ್ ಅಂದ್ರೆ ಎರಡು ಬೆಡ್ರೂಮ್ ಅಲ್ಲ, ಹಾಲ್ ಸೇರಿ ಎರಡು ರೂಮು. ಇನ್ನೊಂದು, ಖಾಲಿ ಮನೆ ಅಂದ್ರೆ ಎಷ್ಟೋ ಕಡೆ ನಿಜವಾಗ್ಲೂ ಖಾಲಿ, ಅಡುಗೆಮನೇಲಿ ಸಿಂಕೂ ಇರಲ್ಲ ಒಲೆನೂ ಇರಲ್ಲ, ನಲ್ಲಿ ಪೈಪು ಮಾತ್ರ ಗೋಡೆಯಿಂದ ಹೊರಗೆ ನಿಂತಿರುತ್ತೆ! ಹೋಗ್ತಿರೋ ಬಾಡಿಗೆದಾರರು ತಮ್ಮ ಕಿಚನ್ನನ್ನ ನಿಮಗೇ ಮಾರ್ತೀನಿ ಅಂತಾರೆ, ಚೌಕಾಸಿ ಮಾಡಿ, ಬಿಚ್ಕೊಂಡು ಹೋಗೋ ತಲೆನೋವು ಅವರಿಗೂ ಬೇಡ. ಹಂಗೇ ಅಡುಗೆ ಜಾಗಕ್ಕೆ ಕಿಟಕಿ ಇದ್ಯಾ ನೋಡ್ಕೊಳ್ಳಿ, ಮಲಗೋ ಜಾಗದಲ್ಲೇ ಒಲೆ ಇರೋ ಸ್ಟುಡಿಯೋದಲ್ಲಿ ಒಂದು ಒಗ್ಗರಣೆ ಹಾಕಿದ್ರೆ ಜಾಕೆಟ್ಟೆಲ್ಲಾ ಇಂಗಿನ ವಾಸನೆ.

ಹುಡುಕೋ ಜಾಗಗಳು ಎಲ್ರಿಗೂ ಗೊತ್ತಿರೋವೇ: ಇಮ್ಮೋಸ್ಕೌಟ್, ಕ್ಲೈನ್‌ಆನ್‌ಟ್ಸೈಗೆನ್, ರೂಮಿಗೆ ವೇಗೇ-ಗೆಸುಖ್ಟ್. ಅಲರ್ಟ್ ಹಾಕಿಟ್ಟು, ಬಂದ ಕೂಡ್ಲೇ ಜರ್ಮನ್‌ನಲ್ಲಿ ನಾಲ್ಕೇ ಸಾಲು ಬರೀರಿ, ಯಾರು, ಏನ್ ಕೆಲ್ಸ, ಎಷ್ಟು ಜನ, ಯಾವಾಗಿಂದ ಬೇಕು, ಅಷ್ಟೇ. ಆದ್ರೆ ಒಳ್ಳೆ ಮನೆಗಳು ಅಲ್ಲಿಗೆ ಬರೋಕೆ ಮುಂಚೆನೇ ಕೈ ಬದಲಾಗಿರ್ತಾವೆ. ಯಾಕೆ ಅಂದ್ರೆ ಇಲ್ಲಿ ಬಾಡಿಗೆದಾರ ಮನೆ ಬಿಡೋಕೆ ಮೂರು ತಿಂಗಳ ನೋಟಿಸ್ ಕೊಡ್ಬೇಕು, ಬೇಗ ಹೋಗ್ಬೇಕು ಅಂದ್ರೆ ತನ್ನ ಜಾಗಕ್ಕೆ ಇನ್ನೊಬ್ಬರನ್ನ ತೋರಿಸಿ ಓನರನ್ನ ಒಪ್ಪಿಸ್ಬೇಕು. ಒಪ್ಪಲೇಬೇಕು ಅಂತ ಓನರಿಗೇನೂ ಕಾನೂನಿಲ್ಲ, ಆದ್ರೂ ಸಂಬಳದ ಚೀಟಿ ಸರಿಯಾಗಿದ್ರೆ ಎಷ್ಟೋ ಜನ ಒಪ್ತಾರೆ, ಅವರಿಗೂ ನೂರು ಜನಕ್ಕೆ ಮನೆ ತೋರಿಸೋ ರಗಳೆ ತಪ್ಪುತ್ತೆ. ಹಾಗಾಗಿ ಊರಿಗೆ ವಾಪಸ್ ಹೋಗ್ತಿರೋರು, ಕೆಲಸ ಬದಲಾಯಿಸ್ತಿರೋರು ಯಾರು ಅಂತ ಕಿವಿಗೊಟ್ಟಿರಿ. ಆಫೀಸಿನ ನೋಟಿಸ್ ಬೋರ್ಡು, ಕನ್ನಡದವರ ವಾಟ್ಸಾಪ್ ಗ್ರೂಪು, ಯುಗಾದಿ ರಾಜ್ಯೋತ್ಸವದ ಊಟದ ಸಾಲು, ಎಲ್ಲಾ ಕಡೆ "ಮನೆ ನೋಡ್ತಿದೀನಿ" ಅಂತ ಹೇಳ್ಕೊಂಡಿರಿ, ನಾಚ್ಕೋಬೇಡಿ.

ಸ್ಟೂಡೆಂಟ್‌ಗಳಿಗೆ ಲೆಕ್ಕ ಇನ್ನೂ ಬಿಗಿ, ವೀಸಾಗೆ ಅಂತ ಮೊದ್ಲೇ ದುಡ್ಡು ಕಟ್ಟಿಡೋ ಬ್ಲಾಕ್ಡ್ ಅಕೌಂಟಲ್ಲಿ ಕನಿಷ್ಠ ಅಂತ ಇಟ್ಟಿರೋರಿಗೆ ತಿಂಗಳಿಗೆ ಬಿಡುಗಡೆ ಆಗೋದು 992 ಯೂರೋ, ಅದ್ರಲ್ಲಿ ಮ್ಯೂನಿಕ್‌ನಲ್ಲಿ ಬಾಡಿಗೆ ಕಟ್ಟಿ ಉಳಿಯೋದೇನು? ಯೂನಿವರ್ಸಿಟಿ ಆರಿಸೋವಾಗ್ಲೇ ಊರಿನ ಬಾಡಿಗೆನೂ ನೋಡಿ, ಕೆಮ್ನಿಟ್ಸ್, ಮಾಗ್ಡೆಬುರ್ಗ್ ಥರದ ಪೂರ್ವದ ಊರುಗಳಲ್ಲಿ ಎಷ್ಟೋ ಕಮ್ಮಿ. ಅಡ್ಮಿಷನ್ ಸಿಕ್ಕ ದಿನವೇ ಷ್ಟೂಡೀರೆಂಡನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಿ, ಕ್ಯೂ ಉದ್ದ ಇರುತ್ತೆ. ಕೆಲಸದವರು ಊರಾಚೆ ರೈಲು ಲೈನ್ ನೋಡಿ, ಫ್ರಾಂಕ್‌ಫರ್ಟ್‌ಗೆ ಓಡಾಡೋರು ಆಫನ್‌ಬಾಖ್, ಹಾನೌ ಕಡೆ, ಮ್ಯೂನಿಕ್‌ನವರು ಎಸ್-ಬಾನ್ ಅನ್ನೋ ಲೋಕಲ್ ರೈಲಿನ ಕೊನೇ ಸ್ಟೇಷನ್‌ಗಳ ಕಡೆ. ದೇಶದ ಲೋಕಲ್ ರೈಲು ಬಸ್ಸಿಗೆಲ್ಲಾ ನಡೆಯೋ ಡಾಯ್ಚ್‌ಲಾಂಡ್ ಟಿಕೆಟ್ 2026ರಿಂದ ತಿಂಗಳಿಗೆ 63 ಯೂರೋ, ಎಷ್ಟು ದೂರದಿಂದ ಬಂದ್ರೂ ಅಷ್ಟೇ, ಸೋ ದೂರ ಹೋದ್ರೆ ಟೈಮ್ ಖರ್ಚಾಗ್ಬಹುದು, ಟಿಕೆಟ್ ದುಡ್ಡಲ್ಲ. ತುಂಬಾ ವರ್ಷ ಇರ್ತೀವಿ ಅನ್ನೋರು ಹೌಸಿಂಗ್ ಕೋಆಪರೇಟಿವ್‌ಗಳಲ್ಲೂ ಹೆಸರು ಬರೆಸಿಡಿ, ಷೇರು ತಗೋಬೇಕು, ಬಿಟ್ಟು ಹೋದ ಮೇಲೆ ಆ ದುಡ್ಡು ವಾಪಸ್.

ಕಾಗದ ಪತ್ರ ಒಂದೇ ಪಿಡಿಎಫ್ ಮಾಡಿಟ್ಕೊಳ್ಳಿ: ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕಾಂಟ್ರಾಕ್ಟು, ಶೂಫಾ ಅಂದ್ರೆ ನಮ್ಮ ಸಿಬಿಲ್ ಇದ್ದಂಗೆ, ಅದರ ರಿಪೋರ್ಟು, ಹಳೇ ಓನರ್ ಕೊಟ್ಟ "ಬಾಕಿ ಇಲ್ಲ" ಪತ್ರ. ಹೊಸಬರಿಗೆ ಶೂಫಾದಲ್ಲಿ ಏನೂ ಇರಲ್ಲ, ಆಗ ಕಾಂಟ್ರಾಕ್ಟೂ ಬ್ಯಾಂಕ್ ಸ್ಟೇಟ್‌ಮೆಂಟೂ ತೋರಿಸಿ. ಮನೆ ನೋಡೋಕೆ ಮುಂಚೆ ಪಾಸ್‌ಪೋರ್ಟ್ ಕಾಪಿ ಮಾತ್ರ ಯಾರಿಗೂ ಬೇಡ. "ನಾನು ಫಾರಿನ್‌ನಲ್ಲಿದೀನಿ, ಡೆಪಾಸಿಟ್ ಕಳಿಸಿ, ಕೀ ಪೋಸ್ಟಲ್ಲಿ ಬರುತ್ತೆ" ಅನ್ನೋರಿಗೆ ಉತ್ತರನೂ ಬರೀಬೇಡಿ.

ಡೆಪಾಸಿಟ್ ಮೂರು ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳೋ ಹಂಗಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟೋ ಹಕ್ಕಿದೆ. ಬ್ರೋಕರ್ ಫೀಸು 2015ರಿಂದ ಯಾರು ಕರೆಸಿದ್ರೋ ಅವರದ್ದೇ, ಓನರ್ ಕರೆಸಿದ್ರೆ ಓನರೇ ಕೊಡ್ಬೇಕು. ಸಹಿ ಹಾಕೋಕೆ ಮುಂಚೆ ಮೂರು ಪದ ಹುಡುಕಿ. ಷ್ಟಾಫೆಲ್‌ಮೀಟೆ ಇದ್ರೆ ಬಾಡಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ ಅಂತ ಮೊದ್ಲೇ ಬರೆದಿರ್ತಾರೆ, ಇಂಡೆಕ್ಸ್‌ಮೀಟೆ ಇದ್ರೆ ಬೆಲೆ ಏರಿಕೆ ಜೊತೆ ಬಾಡಿಗೆನೂ ಏರಿಸ್ಬಹುದು. ಮೇಲೆ ಹೇಳಿದ ಮೂರು ವರ್ಷದ ಮಿತಿ ಇವೆರಡಕ್ಕೂ ಅನ್ವಯ ಆಗಲ್ಲ, ನೆನಪಿರ್ಲಿ. ಕ್ಯೂಂಡಿಗುಂಗ್ಸ್‌ಫರ್‌ಟ್ಸಿಖ್ಟ್ ಇದ್ರೆ ಇಷ್ಟು ಕಾಲ ಬಿಡೋ ಹಂಗೇ ಇಲ್ಲ, ನಾಲ್ಕು ವರ್ಷದವರೆಗೂ ಕಟ್ಟಿಹಾಕ್ಬಹುದು. ಡೌಟ್ ಬಂದ್ರೆ ಮೀಟರ್‌ಫೆರಾಯ್ನ್ ಅಂತ ಬಾಡಿಗೆದಾರರ ಸಂಘ ದೊಡ್ಡ ಊರಲ್ಲೆಲ್ಲಾ ಇದೆ, ಸದಸ್ಯರಾದ್ರೆ ಕಾಂಟ್ರಾಕ್ಟ್ ಓದಿ ಹೇಳ್ತಾರೆ.

ಕೀ ತಗೊಳ್ಳೋ ದಿನ ಗೋಡೆ ಕಲೆ, ನೆಲದ ಗೀರು, ಮೀಟರ್ ರೀಡಿಂಗ್ ಎಲ್ಲಾ ಫೋಟೋ ತೆಗೆದು, ಉಬರ್‌ಗಾಬೆ ಪ್ರೋಟೋಕೋಲ್ ಅನ್ನೋ ಹಾಳೇಲಿ ಬರೆಸಿ ಇಬ್ರೂ ಸಹಿ ಹಾಕಿ, ಡೆಪಾಸಿಟ್ ವಾಪಸ್ ಬರೋದು ಇದರ ಮೇಲೆ. ಆಮೇಲೆ ಕೆಳಗೆ ಬಂದು ಲೆಟರ್ ಬಾಕ್ಸ್ ಮೇಲೂ ಬೆಲ್ ಮೇಲೂ ನಿಮ್ಮ ಹೆಸರು ಅಂಟಿಸಿ, ಇಲ್ಲಿ ಫ್ಲಾಟ್ ನಂಬರ್ ನೋಡಿ ಪೋಸ್ಟ್ ಹಾಕಲ್ಲ, ಹೆಸರಿಲ್ದಿದ್ರೆ ಟ್ಯಾಕ್ಸ್ ನಂಬರ್ ಕಾಗದ ಬಂದ ದಾರೀಲೇ ವಾಪಸ್ ಹೋಗುತ್ತೆ.