ಕತ್ತಲಲ್ಲಿ ಗುರಿ: ಥರ್ಮಲ್ ಮತ್ತು ಡಿಜಿಟಲ್ ಸ್ಕೋಪ್ ಬಳಸುವ ಬಗೆ

ಕುರಿಹಿಂಡಿನ ಮೇಲೆ ಬೀಳುವ ಕಯೋಟಿ (ತೋಳವನ್ನು ಹೋಲುವ ಅಮೆರಿಕದ ಕಾಡುಪ್ರಾಣಿ), ನರಿಗಳಂಥ ಪ್ರಾಣಿಗಳ ಓಡಾಟ ಹೆಚ್ಚಾಗಿ ರಾತ್ರಿಯ ವೇಳೆಯಲ್ಲಿ. ಅವುಗಳ ಬೇಟೆಗೆ ಕಾನೂನಿನ ಅವಕಾಶವಿರುವ ಕಡೆ, ಉದಾಹರಣೆಗೆ ಅಮೆರಿಕದ ಹಲವು ರಾಜ್ಯಗಳಲ್ಲಿ, ಬಂದೂಕಿನ ಮೇಲೆ ಥರ್ಮಲ್ ಅಥವಾ ಡಿಜಿಟಲ್ ನೈಟ್ ವಿಷನ್ ಸ್ಕೋಪ್ (ಕತ್ತಲಲ್ಲಿ ಗುರಿ ನೋಡುವ ಸಾಧನ) ಕೂರಿಸಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಆದರೆ ರಾತ್ರಿ ಬೇಟೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಯಾವ ಪ್ರಾಣಿ, ಯಾವ ಋತು, ಯಾವ ಸಾಧನ ಎಂಬುದನ್ನು ತಿಳಿದುಕೊಂಡು, ಜಮೀನಿನ ಒಡೆಯರ ಒಪ್ಪಿಗೆ ಪಡೆದ ನಂತರವೇ ಸಾಧನಕ್ಕೆ ಹಣ ಹಾಕಬೇಕು.

ಎರಡರಲ್ಲಿ ಯಾವುದು ಬೇಕೆಂದು ತೀರ್ಮಾನಿಸುವುದು ಮೊದಲ ಕೆಲಸ. ಥರ್ಮಲ್ ಸ್ಕೋಪ್‌ಗೆ ಬೆಳಕಿನ ಹಂಗಿಲ್ಲ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಹೊರಸೂಸುವ, ಸುಮಾರು 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಅತಿಗೆಂಪು ವಿಕಿರಣವನ್ನು ಹಿಡಿದು ಅದು ಚಿತ್ರವಾಗಿಸುತ್ತದೆ. ಈ ವಿಕಿರಣ ಸಾಮಾನ್ಯ ಗಾಜನ್ನು ಹಾಯುವುದಿಲ್ಲವಾದ್ದರಿಂದ ಮಸೂರವನ್ನು ಜರ್ಮೇನಿಯಂನಿಂದ ಮಾಡುತ್ತಾರೆ. ಬೆಲೆ ಏರಲು ಇದೂ ಒಂದು ಕಾರಣ. ವಾಹನದ ಗಾಜು ಏರಿಸಿಕೊಂಡು ಒಳಗಿನಿಂದ ನೋಡಿದರೆ ಹೊರಗಿನ ಪ್ರಾಣಿ ಕಾಣಿಸುವುದೇ ಇಲ್ಲ. ಡಿಜಿಟಲ್ ಸ್ಕೋಪ್ ಹಾಗಲ್ಲ. ಅದರಲ್ಲಿರುವುದು ಮಂದ ಬೆಳಕನ್ನೂ ಗ್ರಹಿಸುವ ಕ್ಯಾಮೆರಾ ಸೆನ್ಸರ್. ಗಾಢ ಕತ್ತಲಲ್ಲಿ ಅದಕ್ಕೆ ಅತಿಗೆಂಪು ಟಾರ್ಚಿನ ನೆರವು ಬೇಕು. 850 ನ್ಯಾನೋಮೀಟರ್ ಟಾರ್ಚಿನ ಕಿರಣ ದೂರ ಹೋಗುತ್ತದೆ, ಆದರೆ ಅದರ ಮುಖದಲ್ಲಿ ಸಣ್ಣ ಕೆಂಪು ಹೊಳಪು ಕಾಣುತ್ತದೆ. 940ರ ಟಾರ್ಚ್ ಕಣ್ಣಿಗೆ ಬೀಳದಿದ್ದರೂ ಅದರ ವ್ಯಾಪ್ತಿ ಕಡಿಮೆ.

ಚುಟುಕಾಗಿ ಹೇಳುವುದಾದರೆ, ಹುಡುಕಲು ಥರ್ಮಲ್ ಮೇಲು, ಗುರುತಿಸಲು ಡಿಜಿಟಲ್ ಮೇಲು. ಥರ್ಮಲ್ ಕೊಳ್ಳುವಾಗ ಮಾರಾಟಗಾರರು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುವ ಪತ್ತೆ ದೂರವನ್ನು ನಂಬಿ ಕೂರಬಾರದು. ಅಷ್ಟು ದೂರದಲ್ಲಿ ಏನೋ ಒಂದು ಬಿಸಿ ವಸ್ತುವಿದೆ ಎಂಬುದಷ್ಟೇ ಅದರ ಅರ್ಥ. ಅದು ಕಯೋಟಿಯೋ, ನೆರೆಯವರ ನಾಯಿಯೋ, ಮಲಗಿದ ಕರುವೋ ಎಂದು ಹೇಳಬಲ್ಲ ದೂರ ಅದರ ಒಂದು ಸಣ್ಣ ಪಾಲು ಮಾತ್ರ. 640×512 ಪಿಕ್ಸೆಲ್‌ಗಳ ಸೆನ್ಸರ್ ಮತ್ತು 384×288ರ ಸೆನ್ಸರ್ ನಡುವಿನ ವ್ಯತ್ಯಾಸ ಎದ್ದು ಕಾಣುವುದು ಇಲ್ಲಿಯೇ. ಡಿಜಿಟಲ್ ಜೂಮ್ ಇರುವ ಪಿಕ್ಸೆಲ್‌ಗಳನ್ನೇ ಹಿಗ್ಗಿಸುತ್ತದೆಯೇ ಹೊರತು ಹೊಸ ವಿವರವನ್ನೇನೂ ಕೊಡುವುದಿಲ್ಲ.

ಮುಂದಿನದು ಗುರಿ ಹೊಂದಿಸುವ, ಅಂದರೆ ಗುಂಡು ಬೀಳುವ ಜಾಗಕ್ಕೂ ಸ್ಕೋಪ್ ತೋರಿಸುವ ಜಾಗಕ್ಕೂ ತಾಳೆಯಾಗಿಸುವ ಕೆಲಸ. ಕಾಗದದ ಮೇಲಿನ ಕಪ್ಪು ಚುಕ್ಕೆ ಥರ್ಮಲ್‌ಗೆ ಸರಿಯಾಗಿ ಕಾಣುವುದಿಲ್ಲ, ಏಕೆಂದರೆ ಕಾಗದಕ್ಕೂ ಶಾಯಿಗೂ ಉಷ್ಣತೆ ಹೆಚ್ಚುಕಡಿಮೆ ಒಂದೇ. ಚಳಿಗಾಲದಲ್ಲಿ ಕೈ ಬೆಚ್ಚಗಿಡಲು ಬಳಸುವ ರಾಸಾಯನಿಕ ಪೊಟ್ಟಣವನ್ನು ಗುರಿಹಲಗೆಯ ನಡುವೆ ಅಂಟಿಸಿದರೆ ಪರದೆಯ ಮೇಲೆ ಅದು ಬೆಳ್ಳಗೆ ಎದ್ದು ಕಾಣುತ್ತದೆ. ಗಟ್ಟಿ ಆಸರೆಯ ಮೇಲೆ ಬಂದೂಕಿಟ್ಟು, 100 ಗಜ ದೂರದಿಂದ ಮೂರು ಗುಂಡು ಹಾರಿಸಿ, ಅವು ಬಿದ್ದ ಜಾಗದ ನಡುಬಿಂದುವಿಗೆ ಗುರಿಗೆರೆಯನ್ನು (ಪರದೆಯ ಮೇಲಿನ ಗುರಿಯ ಗುರುತು) ಸರಿಸಿ, ಮತ್ತೆ ಮೂರು ಹಾರಿಸಿ ಖಚಿತಪಡಿಸಿಕೊಳ್ಳಬೇಕು. ಒಂದೇ ಗುಂಡಿನಲ್ಲಿ ಹೊಂದಿಸಿಬಿಡಬಹುದೆಂಬ ಸೌಲಭ್ಯ ಹಲವು ಸ್ಕೋಪ್‌ಗಳಲ್ಲಿದೆಯಾದರೂ ಒಂದೇ ಗುಂಡನ್ನು ನೆಚ್ಚಿಕೊಳ್ಳುವುದು ನನಗೆ ಸರಿ ಕಾಣದು. ಬದಲಾವಣೆಯನ್ನು ಸ್ಕೋಪ್‌ನಲ್ಲಿ ಉಳಿಸಿದ್ದೀರಾ ಎಂದು ನೋಡಿಕೊಳ್ಳಿ.

ಹೊಲಕ್ಕೆ ಹೋಗುವುದು ಹಗಲಿನಲ್ಲೇ ಆಗಬೇಕು, ಒಂದು ಬಾರಿಯಾದರೂ. ಮನೆ, ರಸ್ತೆ, ಕೊಟ್ಟಿಗೆ, ದನಗಳು ಮಲಗುವ ಜಾಗ ಎಲ್ಲಿವೆಯೆಂದು ಗುರುತು ಮಾಡಿಕೊಂಡು, ಆ ದಿಕ್ಕುಗಳಿಗೆ ಗುಂಡು ಹಾರಿಸುವುದಿಲ್ಲವೆಂದು ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಪರದೆಯ ಚಪ್ಪಟೆ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ, ತಂತಿಬೇಲಿಯಂಥ ತೆಳುವಾದ ವಸ್ತುಗಳು ಹಲವು ಬಾರಿ ಕಾಣಿಸುವುದೂ ಇಲ್ಲ. ಬೇಟೆಗಾರರು ಸೆಳೆಯಲು ಹೊರಡಿಸುವ ಕೂಗಿನ ಜಾಡು ಹಿಡಿದು ಬರುವಾಗ ಕಯೋಟಿ, ಗಾಳಿ ಬೀಸಿ ಹೋಗುವ ಕಡೆಗೆ ಸುತ್ತಿಕೊಂಡು ಬಂದು ವಾಸನೆ ಹಿಡಿಯಲು ನೋಡುವುದರಿಂದ, ಆ ಬದಿ ಬಯಲಾಗಿರುವಂತೆ ಕೂರಬೇಕು.

ಸುತ್ತ ಹುಡುಕಲು ಬಂದೂಕಿನ ಸ್ಕೋಪ್ ಬಳಸಬಾರದು. ಏನೆಂದು ತಿಳಿಯದ ಪ್ರತಿಯೊಂದರ ಕಡೆಗೂ, ಮನುಷ್ಯರ ಕಡೆಗೂ, ನಳಿಕೆ ತಿರುಗಿಸಿದಂತಾಗುತ್ತದೆ. ಕೈಯಲ್ಲಿ ಹಿಡಿಯುವ ಥರ್ಮಲ್ ದುರ್ಬೀನಿನಿಂದ ಹುಡುಕಿ, ಬಂದೂಕನ್ನು ಟ್ರೈಪಾಡ್ ಮೇಲೆ ಬಿಟ್ಟಿರಿ. ಬಿಸಿ ಚುಕ್ಕೆ ಕಂಡಾಗ ಗಮನಿಸಬೇಕಾದದ್ದು ನಡಿಗೆ, ಬಾಲ, ಕಿವಿಯ ಆಕಾರ ಮತ್ತು ದೇಹದ ಪ್ರಮಾಣ. ಡಿಜಿಟಲ್ ಸ್ಕೋಪ್‌ನಲ್ಲಿ ಕಣ್ಣುಗಳ ಹೊಳಪು ಮೊದಲು ಕಾಣುತ್ತದೆ, ಆದರೆ ಹಸುವಿನ ಕಣ್ಣೂ ಹೊಳೆಯುತ್ತದೆ. ದೂರದ ಅಂದಾಜು ರಾತ್ರಿ ಸುಲಭವಾಗಿ ತಪ್ಪುವುದರಿಂದ ಲೇಸರ್ ದೂರಮಾಪಕವಿದ್ದರೆ ಒಳ್ಳೆಯದು. ಪ್ರಾಣಿಯ ಗುರುತು ಮತ್ತು ಅದರ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ, ಇವೆರಡರಲ್ಲಿ ಒಂದು ಖಚಿತವಾಗದಿದ್ದರೂ ಬೆರಳು ಬಂದೂಕಿನ ಕುದುರೆಯಿಂದ (ಟ್ರಿಗರ್) ದೂರವೇ ಇರಬೇಕು.

ಮಂಜು, ಮಳೆ ಎರಡು ಸಾಧನಗಳಿಗೂ ತೊಡಕು. ಮಂಜಿನಲ್ಲಿ ಅತಿಗೆಂಪು ಟಾರ್ಚಿನ ಬೆಳಕು ಹಿಂದಕ್ಕೆ ಚದುರಿ ಪರದೆ ಬೆಳ್ಳಗಾಗುತ್ತದೆ. ಹತ್ತಿರದ ಹುಲ್ಲಿಗೆ ಕಿರಣ ತಾಗಿದರೂ ಹಾಗೆಯೇ. ಸೂರ್ಯೋದಯ, ಸೂರ್ಯಾಸ್ತದ ಆಸುಪಾಸಿನಲ್ಲಿ ನೆಲ, ಬಂಡೆ, ಗಿಡಗಳ ಉಷ್ಣತೆ ಒಂದಕ್ಕೊಂದು ಸಮನಾಗಿ ಥರ್ಮಲ್ ಚಿತ್ರದ ಹಿನ್ನೆಲೆ ಮಸುಕಾಗುವುದುಂಟು. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರಬೇಕು.

ಗುಂಡು ಹಾರಿಸಿದ ಮೇಲೆ ತಕ್ಷಣ ಎದ್ದು ಓಡದೆ, ಪ್ರಾಣಿ ಬಿದ್ದ ಜಾಗವನ್ನು ಒಂದು ಮರಕ್ಕೋ ಬಂಡೆಗೋ ಹೊಂದಿಸಿ ನೆನಪಿಟ್ಟುಕೊಳ್ಳಿ. ಗುಂಡು ತೆಗೆದು ಬಂದೂಕನ್ನು ಸುರಕ್ಷಿತಗೊಳಿಸಿ, ದುರ್ಬೀನು ಹಿಡಿದು ಹುಡುಕಲು ಹೊರಡಿ. ಹುಲ್ಲಿನ ಮೇಲೆ ಬಿದ್ದ ರಕ್ತದ ಹನಿ ಬೇಗ ತಣ್ಣಗಾಗಿ ಥರ್ಮಲ್‌ಗೆ ಕಾಣದಂತಾಗುತ್ತದೆ, ಆ ಜಾಡಿಗೆ ಮಾಮೂಲಿ ಟಾರ್ಚೇ ಬೇಕು.