ನಾಲ್ಕೇ ಅರ್ಜಿ ಹಾಕಿದೆ: ಗಣಿತ ಪಿಎಚ್‌ಡಿಗೆ ಜಾಗ ಆರಿಸಿದ ನನ್ನ ಅನುಭವ

ಎರಡನೇ ಸಲ ನಾಲ್ಕೇ ಕಡೆ ಅರ್ಜಿ ಹಾಕುತ್ತೇನೆ ಅಂದಾಗ ರೂಮಿನವರೆಲ್ಲ ನಕ್ಕಿದ್ದರು. "ತಲಿ ಕೆಟ್ಟೈತೇನಲೇ? ಸಿಕ್ಕ ಸಿಕ್ಕಲ್ಲಿ ಒಗದ ಬಿಡು, ಒಂದರ ಹತ್ತತೈತಿ" ಅಂದ ಗೆಳೆಯ. ಮೂರು ಕಡೆಯಿಂದ ಇಂಟರ್‌ವ್ಯೂ ಬಂತು, ಎರಡು ಕಡೆ ಸೀಟು ಸಿಕ್ಕಿತು. ಅದೇ ಗೆಳೆಯ ಧಾರವಾಡದ ಲೈನ್ ಬಜಾರಿನಿಂದ ಅರ್ಧ ಕೆಜಿ ಪೇಢೆ ತಂದು, "ಆ ಎಕ್ಸೆಲ್ ಶೀಟ್ ನನಗೂ ಕಳಸಲೇ" ಅಂದ. ಶೀಟಿನ ಕಥೆ ಆಮೇಲೆ.

ಮೊದಲ ವರ್ಷ ಹನ್ನೊಂದು ಅರ್ಜಿ ಹಾಕಿದ್ದೆ. ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕೂತು, ಬರೀ ಹೆಸರು ನೋಡಿ ಆರಿಸಿದ್ದು. ದೊಡ್ಡ ಸಂಶೋಧನಾ ಸಂಸ್ಥೆಗಳಾದ ಟಿಐಎಫ್‌ಆರ್, ಐಐಎಸ್‌ಸಿ, ಒಂದಷ್ಟು ಐಐಟಿ, ಎರಡು ಐಸರ್, ಸಾಲದ್ದಕ್ಕೆ ಅಮೆರಿಕದ ಎರಡು. ಆ ಎರಡಕ್ಕೇ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಅರ್ಜಿ ಶುಲ್ಕ ಅಂತ ಮೂವತ್ತು ಸಾವಿರ ಹೋಯಿತು. ಗೇಟ್, ನೆಟ್ ಪರೀಕ್ಷೆ, ಪುಣೆ, ಚೆನ್ನೈ ಓಡಾಟ ಎಲ್ಲ ಹಿಡಿದರೆ ನಲವತ್ತೈದರ ಹತ್ತಿರ. ಅಪ್ಪ ಆ ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಅದು. ಸೀಟು ಒಂದೂ ಇಲ್ಲ.

ನನ್ನ ಎಂಎಸ್ಸಿ ಪ್ರಾಜೆಕ್ಟ್ ಗ್ರಾಫ್ ಥಿಯರಿಯಲ್ಲಿ, ಅಂದರೆ ಚುಕ್ಕಿಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಗಣಿತ. ಧಾರವಾಡದಲ್ಲಿ ಓದಿದವರಿಗೆ ಇದು ಹೊಸದಲ್ಲ. ಅದರದೇ ಒಂದು ವಿಷಯವಾದ ಕನೆಕ್ಟೆಡ್ ಡಾಮಿನೇಶನ್ ಮೇಲೆ ಇಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಸಂಪತ್‌ಕುಮಾರ್ ಮತ್ತು ವಾಲೀಕಾರ ಅವರು 1979ರಲ್ಲಿ ಬರೆದ ಪೇಪರ್ ಈಗಲೂ ಎಲ್ಲರೂ ಉಲ್ಲೇಖಿಸುವಂಥದ್ದು, ಅಲ್ವಾ? ಅದನ್ನೇ ಎದೆ ಉಬ್ಬಿಸಿ ಒಂದು ಇಂಟರ್‌ವ್ಯೂನಲ್ಲಿ ಹೇಳಿದೆ. ಎರಡು ನಿಮಿಷ ಕೇಳಿಸಿಕೊಂಡರು. "ಇಲ್ಲಿ ಇದರಲ್ಲಿ ಯಾರೂ ಕೆಲಸ ಮಾಡೋದಿಲ್ಲವಲ್ಲ, ಇಲ್ಲಿಗ್ಯಾಕೆ ಬಂದಿರಿ?" ಅಂದರು. ನಾನು ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತೆ. ಆಮೇಲೆ ಕೇಳಿದ್ದೆಲ್ಲ ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜಿಬ್ರಾ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವವರೆಗೂ ಅವರ ಪ್ರಶ್ನೆಯೇ ತಲೆಯಲ್ಲಿ.

ಎರಡನೇ ವರ್ಷ ಸಂಸ್ಥೆಗಳ ಹೆಸರು ನೋಡುವುದನ್ನೇ ಬಿಟ್ಟೆ. ಪ್ರಾಜೆಕ್ಟಿಗೆ ಓದಿದ್ದ ಪೇಪರುಗಳಿಂದ ಶುರು ಮಾಡಿದೆ. ಅವನ್ನು ಇತ್ತೀಚೆಗೆ ಉಲ್ಲೇಖಿಸಿದವರಲ್ಲಿ ನಮ್ಮ ದೇಶದವರು ಯಾರು? ಪೇಪರುಗಳನ್ನು ಪುಕ್ಕಟೆ ಹಾಕುವ ಆರ್ಕೈವ್ (arXiv) ಜಾಲತಾಣದಲ್ಲಿ ಅವರ ನಾಲ್ಕೈದು ವರ್ಷದ ಕೆಲಸ ತೆಗೆದೆ. ವಿದ್ಯಾರ್ಥಿಗಳ ಜತೆ ಬರೆದದ್ದು ಎಷ್ಟು, ಒಬ್ಬರೇ ಬರೆದದ್ದು ಎಷ್ಟು ಅಂತ ಎಣಿಸಿದೆ. ಸುಮಾರು ಅರವತ್ತು ಹೆಸರು ಇಪ್ಪತ್ತಕ್ಕೆ ಇಳಿಯಿತು.

ನಿಜವಾದ ಮಾಲು ಸಿಕ್ಕಿದ್ದು ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ. ಎಲ್ಲರೂ ಪ್ರಬಂಧ ಇಳಿಸಿಕೊಂಡು ಅಧ್ಯಾಯ ಓದುತ್ತಾರೆ. ನಾನು ಕೃತಜ್ಞತೆಯ ಪುಟ ಮಾತ್ರ ಓದಿದೆ. ಒಬ್ಬ ಹುಡುಗ ಕ್ಯಾಂಟೀನಿನವನಿಗೆ ಅರ್ಧ ಪುಟ ಬರೆದಿದ್ದ, ಗೈಡ್‌ಗೆ ಒಂದೇ ಸಾಲು! ಆ ಹೆಸರು ಹೊಡೆದು ಹಾಕಿದೆ. ಇನ್ನೊಬ್ಬರ ಮೂರೂ ವಿದ್ಯಾರ್ಥಿಗಳು "ಪ್ರತಿ ವಾರ ಬೋರ್ಡಿನ ಮುಂದೆ ಕೂರಿಸಿದರು" ಅಂತ ಬರೆದಿದ್ದರು. ಆ ಗೈಡ್ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ. ಮುಗಿಸಲು ಎಷ್ಟು ವರ್ಷ ಹಿಡಿಯಿತು, ಆಮೇಲೆ ಎಲ್ಲಿಗೆ ಹೋದರು ಅನ್ನುವುದನ್ನು ವಿದ್ಯಾರ್ಥಿಗಳ ವೆಬ್‌ಪುಟಗಳಿಂದ ಹೆಕ್ಕಿದೆ. ಹೋದ ವರ್ಷ ಅರ್ಜಿ ಹಾಕಿದ್ದ ಹನ್ನೊಂದರಲ್ಲಿ ಈ ಪಟ್ಟಿಗೆ ಬಂದದ್ದು ಒಂದೇ ಒಂದು.

ಇನ್ನೊಂದು ವಿಷಯ ತಡವಾಗಿ ಹೊಳೆಯಿತು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಐಎಂಎಸ್‌ಸಿಯಲ್ಲಿ ಗಣಿತ ಬೇರೆ, ಥಿಯರಿಟಿಕಲ್ ಕಂಪ್ಯೂಟರ್ ಸೈನ್ಸ್ ಬೇರೆ. ನನ್ನಂಥವರ ಗ್ರಾಫ್ ಕೆಲಸ ಜಾಸ್ತಿ ಇರುವುದು ಎರಡನೆಯದರಲ್ಲಿ. ಅದಕ್ಕೆ ಜೆಸ್ಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬಹುದು ಅಂತ ನಮ್ಮ ಬ್ಯಾಚಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗಣಿತದವರು ಕಂಪ್ಯೂಟರ್ ಕಡೆಯ ಪುಟವನ್ನು ತೆರೆಯುವುದೇ ಇಲ್ಲ.

ಇನ್ನು ಎಕ್ಸೆಲ್ ಶೀಟ್. ಗೈಡ್‌ಗೆ ಇಷ್ಟು, ಸ್ಟೈಪೆಂಡ್‌ಗೆ ಇಷ್ಟು, ಹಾಸ್ಟೆಲ್‌ಗೆ ಇಷ್ಟು, ಮನೆಯಿಂದ ದೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು ಒಂದು ವಾರ ಕೂತೆ. ಮೊದಲ ಸ್ಥಾನ ಬಂದದ್ದು ಹುಬ್ಬಳ್ಳಿಯಿಂದ ನೇರ ರೈಲಿದೆ ಅನ್ನುವುದು ಬಿಟ್ಟರೆ ನನಗೆ ಬೇಕಾದ್ದು ಏನೂ ಇಲ್ಲದ ಒಂದು ಕಡೆ! ಅಂಕ ತಿದ್ದಿದರೆ ಇನ್ನೊಂದು ಮೇಲೆ ಬರುತ್ತಿತ್ತು. ಬಿಟ್ಟೆ. ಗೆಳೆಯನಿಗೆ ಕಳಿಸಿದ್ದು ಇದನ್ನೇ, ಪಾಪ.

ಕೊನೆಗೆ ಪಟ್ಟಿಯಲ್ಲಿ ಉಳಿದ ಎಂಟು ಗೈಡ್‌ಗಳಿಗೆ ಪತ್ರ ಬರೆಯಲಿಲ್ಲ. ಅವರ ಮೂರನೇ ವರ್ಷದ ವಿದ್ಯಾರ್ಥಿಗಳಿಗೆ ಬರೆದೆ. ಹತ್ತರಲ್ಲಿ ಏಳು ಜನ ಉತ್ತರ ಕೊಟ್ಟರು, ಇಬ್ಬರು ಫೋನ್ ಕೂಡ ಮಾಡಿದರು. ಅದನ್ನು ನೋಡಿಯೇ ಅರ್ಜಿ ನಾಲ್ಕಕ್ಕೆ ಇಳಿಸಿದೆ. ಏನು ಕೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳಲು ಶುರು ಮಾಡಿದರೆ ಉತ್ತರ ಬರುವುದು ನಿಂತುಹೋಗುತ್ತದೆ. ಒಂದು ಸುಳಿವು ಬೇಕಾದರೆ ಕೊಡುತ್ತೇನೆ: "ಗೈಡ್ ಹೇಗಿದ್ದಾರೆ?" ಅಂತ ಕೇಳಬೇಡಿ.

ಆ ವರ್ಷದ ಖರ್ಚು ಪರೀಕ್ಷೆ ಶುಲ್ಕ, ರೈಲು ಎಲ್ಲ ಸೇರಿ ಒಂಬತ್ತು ಸಾವಿರ ದಾಟಿಲ್ಲ. ಸಿಕ್ಕ ಎರಡರಲ್ಲಿ ದೊಡ್ಡ ಹೆಸರಿನದನ್ನು ಬಿಟ್ಟೆ, ಅಲ್ಲಿನ ಪ್ರೊಫೆಸರ್ ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಎಲ್ಲಿ ಸೇರಿದೆ ಅಂತ ಹೇಳುವುದಿಲ್ಲ, ನಮ್ಮ ಗೈಡ್‌ಗೆ ಕನ್ನಡ ಬರುತ್ತದೆ.

ಅಪ್ಪ ಕೇಳಿದ್ದು ಒಂದೇ ಮಾತು. "ತಿಂಗಳಾ ಎಷ್ಟ ಕೊಡ್ತಾರಪಾ?" 37,000 ಅಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಂಗಾದ್ರ ಮೆಣಸಿನಕಾಯಿ ರೊಕ್ಕ ಎರಡ ತಿಂಗಳದಾಗ ಮುಟ್ಟತೈತಿ" ಅಂದ. ಇನ್ನೂ ಹದಿನೈದು ಸಾವಿರ ಬಾಕಿ ಇದೆ.