ಬೋರ್‌ವೆಲ್ ನೀರಿನ ನೈಟ್ರೇಟ್: ಮಾದರಿ ತೆಗೆಯುವ ಮತ್ತು ವರದಿ ಓದುವ ಕ್ರಮ

ಪುಣೆಯ ಅಂಚಿನ ವಾಘೋಲಿ, ಉಂಡ್ರಿಯಂಥ ಕಡೆ ಸೊಸೈಟಿಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳಲ್ಲಿ ಅನೇಕರು ಬೇಸಿಗೆಯಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನೆಚ್ಚಿರುತ್ತಾರೆ. ನೀರು ತಿಳಿಯಾಗಿದ್ದರೆ ಪರೀಕ್ಷೆಯ ಗೊಡವೆಗೆ ಯಾರೂ ಹೋಗುವುದಿಲ್ಲ. ಆದರೆ ಕೊಳಚೆಯಿಂದ ನೀರಿಗೆ ಸೇರಿ ಎಳೆಗೂಸುಗಳಿಗೆ ಅಪಾಯ ತರಬಲ್ಲ ನೈಟ್ರೇಟ್ ಎಂಬ ನೈಟ್ರೋಜನ್-ಆಮ್ಲಜನಕದ ಸಂಯುಕ್ತಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸೆಪ್ಟಿಕ್ ಟ್ಯಾಂಕಿನಿಂದ ಜಿನುಗುವ ಕೊಳಚೆಯಲ್ಲಿರುವ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ನೆರವಿನಿಂದ ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಜೇಡಿಯ ಕಣಗಳು ಋಣ ಆವೇಶವನ್ನು ಹೊತ್ತಿರುವುದರಿಂದ ಧನ ಆವೇಶದ ಅಮೋನಿಯಂ (ನೀರಿನಲ್ಲಿ ಅಮೋನಿಯಾ ತಾಳುವ ರೂಪ) ಅವುಗಳಿಗೆ ಅಂಟಿಕೊಂಡು ನಿಲ್ಲುತ್ತದೆ. ತಾನೂ ಋಣ ಆವೇಶದ್ದಾದ ನೈಟ್ರೇಟ್ ಮಾತ್ರ ಎಲ್ಲಿಯೂ ನಿಲ್ಲದೆ ನೀರಿನೊಡನೆ ಕೆಳಗಿಳಿಯುತ್ತದೆ. ಪುಣೆಯ ನೆಲದಡಿಯಲ್ಲಿರುವುದು ಬಸಾಲ್ಟ್ ಬಂಡೆ. ಮೇಲಿನ ಮಣ್ಣಿನ ಪದರ ತೆಳುವಾಗಿರುವಲ್ಲಿ ಕೊಳಚೆ ಹೆಚ್ಚು ಸೋಸಿಕೊಳ್ಳದೆ ಬಂಡೆಯ ಬಿರುಕುಗಳನ್ನು ಸೇರುತ್ತದೆ.

ಮಾದರಿ ತೆಗೆಯುವ ಮೊದಲು ಪಂಪನ್ನು ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರನ್ನು ಹರಿಯಬಿಡಬೇಕು. ಸಂಪಿನಿಂದಲೋ ಅಡುಗೆಮನೆಯ ನಲ್ಲಿಯಿಂದಲೋ ಹಿಡಿದರೆ ಎಲ್ಲ ಮೂಲಗಳ ನೀರು ಬೆರೆತಿರುತ್ತದೆ. ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ಬೆಳಕು ತಾಗದಂತೆ ಒಯ್ದು, 48 ಗಂಟೆಗಳೊಳಗೆ ಪರೀಕ್ಷೆಯಾಗುವಂತೆ ನೋಡಿಕೊಳ್ಳಬೇಕು. ತಡವಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳೇ ನೈಟ್ರೇಟ್ ಪ್ರಮಾಣವನ್ನು ಬದಲಿಸಿಬಿಡುತ್ತವೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರು ಕೊಡುವ ಕ್ರಿಮಿಶುದ್ಧ ಬಾಟಲಿಯನ್ನು ಮಾತ್ರ ಗಲಬರಿಸಬಾರದು, ಏಕೆಂದರೆ ಕ್ಲೋರಿನ್ ತಟಸ್ಥಗೊಳಿಸಲು ಅದರಲ್ಲಿ ಮೊದಲೇ ರಾಸಾಯನಿಕ ಹಾಕಿರುತ್ತಾರೆ.

ವರದಿ ಓದುವಾಗಲೇ ಹೆಚ್ಚು ಮಂದಿ ಎಡವುತ್ತಾರೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ಮೂಲವಿಲ್ಲವೆಂಬ ಕಾರಣಕ್ಕೂ ಇದರಲ್ಲಿ ಸಡಿಲಿಕೆ ಇಲ್ಲ. ನಮ್ಮ ಸೊಸೈಟಿಯ ವರದಿಯಲ್ಲಿ 12 ಎಂದಿತ್ತು. ಸಭೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಪಕ್ಕದ ಅಂಕಣದಲ್ಲಿ ಸಣ್ಣ ಅಕ್ಷರಗಳಲ್ಲಿ ‘ನೈಟ್ರೋಜನ್ ರೂಪದಲ್ಲಿ’ ಎಂದು ಅಚ್ಚಾಗಿದ್ದುದನ್ನು ನಾನೂ ಎರಡನೆಯ ಸಲ ಓದಿದಾಗಲೇ ಕಂಡದ್ದು. ಹಾಗೆ ಬರೆದಿದ್ದರೆ ಅದು ನೈಟ್ರೇಟ್‌ನೊಳಗಿನ ನೈಟ್ರೋಜನ್‌ನ ತೂಕ ಮಾತ್ರ; ಇಡೀ ನೈಟ್ರೇಟ್‌ನ ಲೆಕ್ಕಕ್ಕೆ ಅಂಕಿಯನ್ನು 4.43ರಿಂದ ಗುಣಿಸಬೇಕು, ನಮ್ಮ 12 ಆಗ 53 ಆಯಿತು. ಕ್ಲೋರೈಡ್ ಪ್ರಮಾಣವನ್ನೂ ಜೊತೆಗೇ ನೋಡಿರಿ: ಬಸಾಲ್ಟ್‌ನಿಂದ ಕ್ಲೋರೈಡ್ ಬರುವುದು ಕಡಿಮೆ, ಆದ್ದರಿಂದ ಎರಡೂ ಒಟ್ಟಿಗೆ ಏರಿದ್ದರೆ ಕೊಳಚೆಯ ಮೇಲೆಯೇ ಮೊದಲ ಅನುಮಾನ.

ಎರಡು ಸಲಾಕೆಗಳನ್ನು ನೀರಿಗಿಳಿಸಿ, ಕರೆಂಟು ಹರಿಸಿ, ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ಹೆದರಿಸುವ ಫಿಲ್ಟರ್ ಮಾರಾಟಗಾರರನ್ನು ನಂಬಬೇಡಿ. ಆ ಕಂದು ಬಹುತೇಕ ಕಬ್ಬಿಣದ ಸಲಾಕೆಯದೇ ತುಕ್ಕು.

ಮಿತಿ ಮೀರಿದ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ. ಯುವಿ ದೀಪದಿಂದ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹಾಗೆಯೇ ಉಳಿಯುತ್ತದೆ. ಸುಸ್ಥಿತಿಯಲ್ಲಿರುವ ಆರ್‌ಒ ಅದನ್ನು ಗಣನೀಯವಾಗಿ ತಗ್ಗಿಸುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಪುಡಿ ಹಾಲು ಕಲಸಲು ಇಂಥ ನೀರನ್ನು ಬಳಸಲೇಬಾರದು, ಏಕೆಂದರೆ ಅದು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ ಮಗುವಿನ ಮೈ ನೀಲಿಗಟ್ಟುವಂತೆ ಮಾಡಬಲ್ಲದು.

ಪರೀಕ್ಷೆಯನ್ನು ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲೊಮ್ಮೆ ಮಾಡಿಸುವುದು ಸೂಕ್ತ. ಟ್ಯಾಂಕರ್ ತರಿಸುವವರು ಯಾವ ಬಾವಿಯ ನೀರೆಂದು ಡ್ರೈವರನ್ನು ಕೇಳಿ ಬರೆದುಕೊಂಡು, ನೀರು ಸಂಪಿಗೆ ಬೀಳುವ ಮೊದಲೇ ಟ್ಯಾಂಕರಿನ ಪೈಪಿನಿಂದ ಮಾದರಿ ಹಿಡಿಯಬೇಕು.